ನೆರೆಯೂರಿಗೆ ನಮ್ಮ ಲಾರಿ ಹೋದುದು

ಗಲ್ಲೆಯ ಮುಂದೆ ಕುಳಿತವನಿಗೆ ಲೋಕವೆಲ್ಲ ಚಿಲ್ಲರೆಯ ಲೆಕ್ಕದಲ್ಲಿಯೇ ಕಾಣುವುದುಂಟು. 2019ರ ಆಗಸ್ಟ್ ತಿಂಗಳಲ್ಲಿ ಈ ಲೇಖಕನಿಗೂ ಹಾಗೆಯೇ ಕಂಡಿತ್ತೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಆಗ ನಾನು ಪತ್ರಿಕೆಯ ಕೆಲಸಕ್ಕೆ ಬಂದಿರಲಿಲ್ಲ. ಮುಂಬಯಿಯ ಉಪನಗರವೊಂದರಲ್ಲಿ ಹೋಟೆಲು ನಡೆಸುತ್ತಿದ್ದೆ.

ನಮ್ಮ ಅಡಿಗೆಮನೆಯಲ್ಲಿ ಅಥಣಿ ತಾಲೂಕಿನ ಹುಡುಗನೊಬ್ಬನಿದ್ದ. ಅವನದು ಕೃಷ್ಣೆಯ ದಂಡೆಯ ಹಳ್ಳಿ. ಒಂದು ಸಂಜೆ ಗಲ್ಲೆಯ ಬಳಿ ಬಂದು ನಿಂತು, “ಸೇಟ್ರ, ಊರಾಗ ನೀರು ಹೊಕ್ಕೈತಂತ್ರಿ. ಮೂರು ದಿನಾ ಆತು, ಅವ್ವಗ ಫೋನ್ ಹತ್ತವಲ್ದು. ಹೋಗಿ ಬರ್ತೇನ್ರಿ” ಎಂದ. ಮುಂದೆ ಹಬ್ಬದ ದಿನಗಳು, ಸ್ವಾತಂತ್ರ್ಯ ದಿನದ ರಜೆ. ಗಿರಾಕಿ ಹೆಚ್ಚು, ಆಳು ಕಡಿಮೆ. “ಹೆದ್ದಾರಿಯೇ ಮುಚ್ಚಿದೆ, ಹೋಗುವುದಾದರೂ ಹೇಗೆ? ನೀರು ಇಳಿಯಲಿ, ನೋಡೋಣ” ಎಂದುಬಿಟ್ಟೆ. ಪಂಚಗಂಗೆ ಉಕ್ಕಿ ಕೊಲ್ಲಾಪುರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ಸಂಚಾರ ದಿನಗಟ್ಟಲೆ ನಿಂತಿದ್ದುದು ನಿಜವೇ. ಆದರೆ ನಾನು ಹಾಗೆಂದುದು ಹೆದ್ದಾರಿಯನ್ನು ನೆನೆದಲ್ಲ, ಗಲ್ಲೆಯನ್ನು ನೆನೆದು. ಹುಡುಗ ಮರುಮಾತಾಡದೆ ಒಳಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದ. ಅವನು ಜಗಳವಾಡಿದ್ದರೆ ನನಗೆ ಆ ರಾತ್ರಿ ನಿದ್ರೆ ಬರುತ್ತಿತ್ತೇನೋ!

ಲಾರಿ ಹೊರಟಿತು

ಮರುದಿನ ಹೋಟೆಲು ಮಾಲಿಕರಾದ ಇಬ್ಬರು ಮಿತ್ರರಿಗೂ, ನಮ್ಮಲ್ಲಿಗೆ ನಿತ್ಯ ಕಾಫಿಗೆ ಬರುವ ಬ್ಯಾಂಕ್ ಗುಮಾಸ್ತರೊಬ್ಬರಿಗೂ ಸಂಗತಿ ತಿಳಿಸಿದೆ. ಎರಡೇ ದಿನಗಳಲ್ಲಿ ಅಕ್ಕಿ, ರವೆ, ಅವಲಕ್ಕಿ, ತೊಗರಿಬೇಳೆ, ಹೊದಿಕೆ, ಚಾಪೆ, ಮೇಣದಬತ್ತಿಗಳು ಕೂಡಿದವು. ಸಪ್ಲೈಯರ್ ಹುಡುಗರು ತಮ್ಮ ಟಿಪ್ಸಿನ ಡಬ್ಬಿಯನ್ನೇ ತಂದು ಸುರಿದರು. ಬ್ರೆಡ್ಡಿನ ಪೊಟ್ಟಣಗಳೂ ಹಳೆಯ ಬಟ್ಟೆಯ ಗಂಟುಗಳೂ ಬಂದವು. ಬೇಡವೆನ್ನಲು ನಮಗೆ ತಿಳಿಯಲಿಲ್ಲ. ಹಿರಿಯ ಅಡಿಗೆಭಟ್ಟರು ಮಾತ್ರ, “ಧನಿಗಳೇ, ಎರಡು ಒಲೆ, ಎರಡು ಕೊಪ್ಪರಿಗೆ, ಗ್ಯಾಸಿನ ಹಂಡೆ ಇರಲಿ” ಎಂದು ತಾವೇ ಏರಿಸಿದರು.

ಆಗಸ್ಟ್ 10ರ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಹೊರಟೆವು. ಹುಡುಗ ಚಾಲಕನ ಪಕ್ಕದಲ್ಲಿ ಕುಳಿತ. ಕೊಲ್ಲಾಪುರದ ದಾರಿ ಇಲ್ಲದುದರಿಂದ ಪುಣೆ, ಸೊಲ್ಲಾಪುರ, ವಿಜಯಪುರಗಳ ಮೇಲಿಂದ ಸುತ್ತಿ ಅಥಣಿಗೆ ಹೋಗಬೇಕಾಯಿತು. ವಿಜಯಪುರ ದಾಟಿದ ಮೇಲೆ ನಮಗೊಂದು ಸೋಜಿಗ ಕಾದಿತ್ತು: ಹೊಲಗಳಲ್ಲಿ ದೊಡ್ಡ ಮಳೆ ಬಿದ್ದ ಗುರುತೇ ಇಲ್ಲ! ಅಲ್ಲಿಯ ಜನರನ್ನು ಮುಳುಗಿಸಿದುದು ಅಲ್ಲಿಯ ಮಳೆಯಲ್ಲ. ಸಹ್ಯಾದ್ರಿಯಲ್ಲಿ ಸುರಿದ ನೀರು ಕೊಯ್ನೆಯಾಗಿ ಕರಾಡದಲ್ಲಿ, ಪಂಚಗಂಗೆಯಾಗಿ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಕೆಳಗೆ ಬರುತ್ತದೆ. ಮೇಲೆ 105 ಟಿ.ಎಂ.ಸಿ.ಯ ಕೊಯ್ನಾ ಜಲಾಶಯ, ಕೆಳಗೆ 123 ಟಿ.ಎಂ.ಸಿ.ಯ ಆಲಮಟ್ಟಿ. ಯಾರು ಎಷ್ಟು ನೀರು ಯಾವಾಗ ಬಿಡಬೇಕೆಂದು ಎರಡು ರಾಜ್ಯಗಳು ವಾದಿಸುತ್ತಿರುವಾಗ ನಡುವಿನ ಹಳ್ಳಿಗಳಲ್ಲಿ ನೀರು ಹೊಸ್ತಿಲು ದಾಟಿರುತ್ತದೆ.

ಕಂಡುದು, ಕಲಿತುದು

ಮುಖ್ಯ ರಸ್ತೆಯ ಬದಿಯ ಗಂಜಿ ಕೇಂದ್ರವೊಂದರ ಮುಂದೆ ನಮಗಿಂತ ಮೊದಲೇ ಹಲವು ಗಾಡಿಗಳು ನಿಂತಿದ್ದವು. ಅಂಗಳದಲ್ಲಿ ಹಳೆಯ ಬಟ್ಟೆಯ ರಾಶಿ. ಕೆಸರಿನಲ್ಲಿ ನೆನೆದ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮನೆ ಮುಳುಗಿದವನ ಮಾನವೂ ಮುಳುಗಿತೆಂದು ನಾವೇಕೆ ಭಾವಿಸಬೇಕು? ನಮ್ಮ ಗಂಟುಗಳನ್ನು ಬಿಚ್ಚದೆಯೇ ಹಿಂದಕ್ಕೆ ತಂದೆವು. ಬ್ರೆಡ್ಡು ದಾರಿಯಲ್ಲಿಯೇ ಬೂಸಲು ಹಿಡಿದಿತ್ತು.

ಅಲ್ಲಿಯ ಶಾಲಾ ಮಾಸ್ತರರೊಬ್ಬರು, “ಇಲ್ಲಿ ಸಾಕಷ್ಟು ಬಂದೈತ್ರಿ. ಒಳಗಿನ ಊರಿಗೆ ಹೋಗ್ರಿ, ಅಲ್ಲಿಗೆ ಯಾರೂ ಹೋಗಿಲ್ಲ” ಎಂದರು. ಒಳದಾರಿಯ ಕೊನೆಗೆ, ದಿಬ್ಬದ ಮೇಲಿನ ಶಾಲೆಯಲ್ಲಿ ಮೂರು ಹಳ್ಳಿಗಳ ಜನ. ಅಕ್ಕಿ ಕೊಟ್ಟರೆ ಬೇಯಿಸುವ ಪಾತ್ರೆ ಅವರಲ್ಲಿಲ್ಲ, ಒಣಗಿದ ಸೌದೆಯೂ ಇಲ್ಲ. ಭಟ್ಟರ ದೂರದೃಷ್ಟಿ ಆಗ ತಿಳಿಯಿತು. ಅರ್ಧ ಗಂಟೆಯಲ್ಲಿ ಒಲೆ ಹೊತ್ತಿ, ಕೊಪ್ಪರಿಗೆಯಲ್ಲಿ ಉಪ್ಪಿಟ್ಟು ಕುದಿಯಿತು. ನಾವು ಹೋಟೆಲಿನವರು ಭಾಷಣ ಮಾಡಲರಿಯೆವು. ಆದರೆ ನೂರಾರು ಜನಕ್ಕೆ ಬಿಸಿಯಾಗಿ ಬಡಿಸಬಲ್ಲೆವು.

ಹುಡುಗನ ತಾಯಿ ಅಲ್ಲಿಯೇ ಇದ್ದಳು! ಮೂಲೆಯ ಕೋಣೆಯಿಂದ ಎದ್ದು ಬಂದವಳು ಮಗನ ಮುಖ ಸವರಿ, “ಊಟ ಆತೇನಪಾ?” ಎಂದು ಕೇಳಿದಳು. ಮನೆಯ ಗೋಡೆ ಬಿದ್ದ ಸುದ್ದಿ ಆಮೇಲೆ ಬಂದಿತು. ಅವನು ಅವಳಿಗೆ ನನ್ನ ಪರಿಚಯ ಮಾಡಿಕೊಡುತ್ತ, “ಇವರ ನಮ್ಮ ಸೇಟ್ರು, ಇವರ ಕರ್ಕೊಂಡ ಬಂದಾರ” ಎಂದ. ಆ ತಾಯಿ ಕೈಮುಗಿದಾಗ ನಾನು ನೆಲ ನೋಡಿದೆನೆಂಬುದನ್ನು ಓದುಗರಲ್ಲಿ ಮುಚ್ಚಿಡಲಾರೆ.

ಉಂಡು ಕೈತೊಳೆದ ಮುದುಕರೊಬ್ಬರು, “ನಮ್ಮದೇನೋ ನಡೀತೈತ್ರಿ. ದನಕ್ಕ ಏನ್ ಹಾಕೂಣು?” ಎಂದರು. ನಮ್ಮ ಪಟ್ಟಿಯಲ್ಲಿ ಮೇವೇ ಇರಲಿಲ್ಲ! ಮರುದಿನ ಗುಮಾಸ್ತ ಮಿತ್ರರು ಬರಿದಾದ ಲಾರಿಯನ್ನು ಒಯ್ದು, ಉಳಿದ ಹಣದಿಂದ ಜೋಳದ ಕಣಿಕೆ ತುಂಬಿಸಿ ತಂದರು. ಹೆಂಗಸರಿಗೆ ಒಳ ಉಡುಪು, ತಿಂಗಳ ಬಟ್ಟೆಗಳು ಬೇಕಿದ್ದವು. ಅದನ್ನು ಗಂಡಸರಾದ ನಮಗೆ ಹೇಳಲಾರದೆ ಹುಡುಗನ ತಾಯಿಯ ಮೂಲಕ ಹೇಳಿಸಿದರು.

ನಾವು ಹಿಂದಿರುಗುವಾಗ ಹುಡುಗ ಬರಲಿಲ್ಲ. ನಾನೂ ಬಾ ಎನ್ನಲಿಲ್ಲ. ಗೋಡೆ ಎದ್ದು, ಮೇಲೆ ತಗಡು ಹಾಕುವವರೆಗೆ ಎರಡು ತಿಂಗಳು ಅವನ ಸಂಬಳ ಊರಿಗೇ ಹೋಯಿತು. ಇದನ್ನು ಉಪಕಾರವೆಂದು ಬರೆಯುತ್ತಿಲ್ಲ. ಆ ಸಂಜೆಯ ಮಾತಿನ ಬಡ್ಡಿಯೆಂದು ಬರೆಯುತ್ತಿದ್ದೇನೆ.

2021ರ ಜುಲೈಯಲ್ಲಿ ಕೃಷ್ಣೆ ಮತ್ತೆ ಏರಿದಳು. ಆಗ ನಾವು ಮೊದಲು ಆ ಶಾಲೆಯ ಊರಿಗೆ ಫೋನು ಮಾಡಿ, ಏನು ಬೇಕೆಂದು ಕೇಳಿ, ಬಳಿಕ ಚೀಲ ಕಟ್ಟಿದೆವು. ಹಳೆಯ ಬಟ್ಟೆ ಒಯ್ಯಲಿಲ್ಲ, ಒಲೆ ಬಿಡಲಿಲ್ಲ, ಮೇವು ಮರೆಯಲಿಲ್ಲ.

ಬಂಧುಗಳೇ, ನೆರೆ ಬಂದಾಗ ಲಾರಿ ತುಂಬಿಸುವುದು ಪುಣ್ಯವೇ ಸರಿ. ಆದರೆ ಅದಕ್ಕಿಂತ ಮೊದಲು ನಮ್ಮ ಅಡಿಗೆಮನೆಯೊಳಗೆ ಒಮ್ಮೆ ಇಣುಕಿ, ಅಲ್ಲಿ ಯಾರ ಊರು ಮುಳುಗುತ್ತಿದೆಯೆಂದು ಕೇಳೋಣ.