ಪಾಟ್ ಬದಲಿಸಿದ ಮೇಲೆ ಗಿಡ ಬಾಡಿತಾ? ಕಿತ್ತು ಒಗೆಯೋ ಮುಂಚೆ ಇದನ್ನ ಓದ್ರಿ

ನರ್ಸರಿಯಿಂದ ತಂದ ಕಸಿ ಮಾವಿನ ಗಿಡ ಕಪ್ಪು ಪಾಕೀಟಿನಲ್ಲಿ ಇದ್ದಾಗ ಹಸಿರಾಗಿ ನಿಂತಿತ್ತು. ದೊಡ್ಡ ಪಾಟ್‌ಗೆ ಹಾಕಿ ಎರಡು ದಿನ ಆಗಿಲ್ಲ, ಎಲೆ ಜೋತುಬಿದ್ದವು. ಗಾಬರಿಯಾಗಿ ಒಂದು ಬಕೆಟ್ ನೀರು ಸುರಿದಿರಿ, ಮರುದಿನ ಒಂದು ಹಿಡಿ ಯೂರಿಯಾನೂ ಹಾಕಿದಿರಿ. ವಾರದಲ್ಲಿ ಗಿಡ ಹೋಯ್ತು. ನಿಜ ಹೇಳಬೇಕಂದ್ರೆ ಬಹಳಷ್ಟು ಗಿಡಗಳು ಪಾಟ್ ಬದಲಿಸಿದ್ದಕ್ಕೆ ಸಾಯೋದಿಲ್ಲ, ಆಮೇಲೆ ನಾವು ಮಾಡೋ ಉಪಚಾರಕ್ಕೆ ಸಾಯುತ್ತವೆ. ಮಾವು, ನಿಂಬೆ, ಕರಿಬೇವು, ಗುಲಾಬಿ ಎಲ್ಲಕ್ಕೂ ಈ ಮಾತು ಅನ್ವಯ.

ಗಿಡ ಯಾಕೆ ಬಾಡುತ್ತದೆ?

ನೀರು ಹೀರುವ ಕೆಲಸ ಹೆಚ್ಚಾಗಿ ಮಾಡೋದು ದಪ್ಪ ಬೇರಲ್ಲ. ಎಳೆ ಬೇರಿನ ತುದಿ ಹತ್ತಿರ ಇರುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಬೇರು ರೋಮಗಳು ಆ ಕೆಲಸ ಮಾಡುತ್ತವೆ. ಪಾಕೀಟು ಹರಿದು ಗಿಡ ಎತ್ತುವಾಗ ಇವು ಹರಿಯುತ್ತವೆ. ಮೇಲೆ ಎಲೆಗಳು ಮಾತ್ರ ಮೊದಲಿನಷ್ಟೇ ನೀರನ್ನು ಗಾಳಿಗೆ ಬಿಡುತ್ತಿರುತ್ತವೆ. ಖರ್ಚು ಅಷ್ಟೇ ಇದೆ, ಗಳಿಕೆ ಅರ್ಧ ಆಗಿದೆ. ಅದಕ್ಕೇ ಎಲೆ ಜೋಲುತ್ತವೆ. ಹೊಸ ಬೇರು ಬಂದ ಮೇಲೆ ಲೆಕ್ಕ ಸರಿಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಅಲ್ಲೀವರೆಗೆ ನಮ್ಮ ಕೆಲಸ ಖರ್ಚು ಕಡಿಮೆ ಮಾಡೋದು, ಬೇರಿಗೆ ಉಸಿರಾಡಲು ಬಿಡೋದು.

ನಮ್ಮ ಭಾಗದಲ್ಲಿ ಆಗುವ ಎರಡು ತಪ್ಪು

ಮೊದಲನೇದು ಎರೆ ಮಣ್ಣು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೊಲದ ಎರೆ ಮಣ್ಣನ್ನೇ ತಂದು ಪಾಟ್ ತುಂಬೋದು ರೂಢಿ. ಹೊಲದಲ್ಲಿ ಕಬ್ಬಿಗೆ ಅದು ಚಿನ್ನ. ಆದ್ರೆ ಪಾಟ್‌ನಲ್ಲಿ ಹಸಿಯಾದಾಗ ಅಂಟಿಕೊಂಡು ಗಾಳಿ ನಿಲ್ಲಿಸುತ್ತದೆ, ಒಣಗಿದಾಗ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಈ ಮಿಶ್ರಣ ಸಾಕು. ಎರೆ ಮಣ್ಣೇ ಇದ್ದರೆ ಮಣ್ಣು, ಮರಳು, ಗೊಬ್ಬರ ಸಮಪಾಲು ಮಾಡಿಕೊಳ್ಳಿ.

ಎರಡನೇದು ಹಸಿ ಗೊಬ್ಬರ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಆಗಲಿ, ಹಟ್ಟಿಯ ಕುರಿ ಗೊಬ್ಬರ ಆಗಲಿ, ಪೂರ್ತಿ ಕಳಿಯದೆ ಹಾಕಿದ್ರೆ ಪಾಟ್ ಒಳಗೇ ಕಳಿಯಲು ಶುರುವಾಗಿ ಬಿಸಿ ಏಳುತ್ತದೆ. ಗಾಯವಾದ ಬೇರು ಆ ಬಿಸಿಗೆ ಬೇಯುತ್ತದೆ. ಮುಷ್ಟಿಯಲ್ಲಿ ಹಿಡಿದಾಗ ಬಿಸಿ ಅನಿಸಿದ್ರೆ, ಕೆಟ್ಟ ವಾಸನೆ ಬಂದ್ರೆ ಆ ಗೊಬ್ಬರ ಇನ್ನೂ ತಯಾರಾಗಿಲ್ಲ.

ಮೊದಲ 10 ದಿನ ಏನು ಮಾಡ್ಬೇಕು?

1. ನೆರಳಿಗೆ ಇಡಿ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಜಾಗ ಒಳ್ಳೇದು. ಕತ್ತಲೆ ಕೋಣೆಯಲ್ಲಿ ಇಡ್ಬೇಡಿ. 50 ಶೇಕಡಾ ಶೇಡ್ ನೆಟ್ ಇದ್ದರೆ ಅದರ ಕೆಳಗೆ ಇಡಿ. ಬಿರುಗಾಳಿ ತಾಗಬಾರದು.

2. ಮೊದಲ ದಿನ ಪಾಟ್‌ನ ತೂತಿನಿಂದ ಹೊರಬರುವಷ್ಟು ನೀರು ಕೊಡಿ. ಆಮೇಲೆ ದಿನಾ ಲೆಕ್ಕ ಹಾಕಿ ಸುರಿಯಬೇಡ್ರಿ. ಬೆರಳನ್ನು ಎರಡು ಗೆಣ್ಣು ಆಳಕ್ಕೆ ಚುಚ್ಚಿ. ಒಣ ಇದ್ದರೆ ಮಾತ್ರ ನೀರು.

3. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಹರಿಯಬಿಟ್ಟು ತಣ್ಣಗಾದ ಮೇಲೆ ಹಾಕಿ.

4. ಮಣ್ಣಿನ ಮೇಲೆ ಕಬ್ಬಿನ ರವದಿ ತೆಳ್ಳಗೆ ಹಾಸಿ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ.

5. ಹೂವು, ಕಾಯಿ ಇದ್ದರೆ ಚಿವುಟಿ. ಒಣಗಿದ ಎಲೆ ತೆಗೀರಿ, ಹಸಿರು ಎಲೆ ಬಿಡ್ರಿ. ಹೊಸ ಬೇರಿಗೆ ಊಟ ತಯಾರಾಗೋದು ಅದರಲ್ಲೇ.

6. ಯೂರಿಯಾ, ಡಿಎಪಿ ಮುಟ್ಟಬೇಡಿ. ಉಪ್ಪಿನ ಅಂಶ ಹೆಚ್ಚಾದ್ರೆ ಬೇರಿಗೆ ನೀರು ಹೀರೋದು ಇನ್ನೂ ಕಷ್ಟ. ಹೊಸ ಚಿಗುರು ಬಂದ ಮೇಲೆ ಸ್ವಲ್ಪ ಎರೆಹುಳು ಗೊಬ್ಬರದಿಂದ ಶುರು ಮಾಡಿ.

ಮೊಬೈಲ್‌ನಿಂದಲೇ ಪರೀಕ್ಷೆ

ದಿನಾ ಬೆಳಗ್ಗೆ 7ಕ್ಕೆ ಮತ್ತು ಮಧ್ಯಾಹ್ನ 2ಕ್ಕೆ ಒಂದೇ ಜಾಗದಿಂದ ಗಿಡದ ಫೋಟೋ ತೆಗೀರಿ. ಮಧ್ಯಾಹ್ನ ಜೋತುಬಿದ್ದು ಬೆಳಗ್ಗೆ ಮತ್ತೆ ನಿಲ್ಲುತ್ತಿದ್ದರೆ ಗಿಡ ಸುಧಾರಿಸುವ ದಾರಿಯಲ್ಲಿದೆ, ಸುಮ್ಮನೆ ಬಿಡಿ. ಬೆಳಗ್ಗೆಯೂ ಜೋತೇ ಇದ್ದರೆ ಮಣ್ಣು ಮುಟ್ಟಿ ನೋಡಿ. ಒಣ ಇದ್ದರೆ ನೀರಿನ ಕೊರತೆ. ಹಸಿ ಇದ್ದೂ ಬಾಡಿದ್ರೆ ಬೇರು ಕೊಳೆಯುತ್ತಿರುವ ಸಂಶಯ. ಆಗ ಇನ್ನಷ್ಟು ನೀರು ಹಾಕಿದ್ರೆ ಗಿಡ ಉಳಿಯಲ್ಲ.

ಅಂಥ ಗಿಡವನ್ನು ಸಂಜೆ ಹೊತ್ತು ಮೆಲ್ಲಗೆ ಹೊರತೆಗೆದು ಬೇರು ನೋಡಿ. ಬಿಳಿ, ಗಟ್ಟಿ ಬೇರು ಜೀವಂತ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿ ವಾಸನೆ ಬರುವ ಬೇರನ್ನು ಶುದ್ಧ ಕತ್ತರಿಯಿಂದ ತೆಗೆದು, ಹೊಸ ಸಡಿಲ ಮಿಶ್ರಣದಲ್ಲಿ ಮತ್ತೆ ಕೂರಿಸಿ. ಮಿಶ್ರಣದ ಗೊಬ್ಬರಕ್ಕೆ ಕೆಜಿಗೆ 10 ಗ್ರಾಂ ಟ್ರೈಕೋಡರ್ಮಾ ಸೇರಿಸಬಹುದು.

ಎಲೆ ಪೂರ್ತಿ ಉದುರಿದ್ರೂ ಅವಸರ ಬೇಡ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಸಿ ಗಿಡ ಆದ್ರೆ ಕಸಿ ಗಂಟಿನ ಮೇಲೆ ಕೆರೆಯಬೇಕು. ಮೇಲೆ ಒಣಗಿ, ಗಂಟಿನ ಕೆಳಗಿನಿಂದ ಮಾತ್ರ ಚಿಗುರು ಬಂದ್ರೆ ಅದು ನೀವು ದುಡ್ಡು ಕೊಟ್ಟ ತಳಿ ಅಲ್ಲ, ಬುಡದ ನಾಟಿ ಗಿಡ. ಅದನ್ನು ಮೂರು ನಾಲ್ಕು ವರ್ಷ ಸಾಕಿ ಆಮೇಲೆ ಬೇಜಾರಾಗೋದಕ್ಕಿಂತ ಈಗಲೇ ತಿಳಿದುಕೊಳ್ಳೋದು ಒಳ್ಳೇದು.

ಮುಂದಿನ ಸಲಕ್ಕೆ

ಸಂಜೆ ಹೊತ್ತಲ್ಲೇ ಬದಲಿಸಿ. ಹಿಂದಿನ ದಿನ ಪಾಕೀಟಿಗೆ ನೀರು ಕೊಡಿ, ಮಣ್ಣಿನ ಹೆಂಟೆ ಒಡೆಯೋದಿಲ್ಲ. ಹೊಸ ಪಾಟ್ ಹಳೇದಕ್ಕಿಂತ ಸುತ್ತಲೂ ಎರಡು ಇಂಚು ದೊಡ್ಡದಿದ್ರೆ ಸಾಕು. ತೀರಾ ದೊಡ್ಡ ಪಾಟ್‌ನಲ್ಲಿ ಹಸಿ ಆರೋದೇ ಇಲ್ಲ. ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ ಇರಲಿ, ಕಸಿ ಗಂಟು ಮಣ್ಣಿನ ಮೇಲೇ ಇರಬೇಕು.

ಎರಡು ವಾರ ಆದ್ರೂ ಸುಧಾರಿಸದಿದ್ರೆ ಆ ಫೋಟೋಗಳನ್ನು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ತೋರಿಸಿ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿದ್ರೆ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಎಷ್ಟು ನೀರು ಹಾಕಿದ್ರಿ, ಯಾವ ಗೊಬ್ಬರ ಹಾಕಿದ್ರಿ ಅನ್ನೋದನ್ನ ಮುಚ್ಚಿಡದೆ ಹೇಳ್ರಿ. ಗಿಡಕ್ಕೆ ಮದ್ದು ಸಿಗೋದು ಅದರಿಂದಲೇ.