‘ಹೊಸತೇನು’ ಪಟ್ಟಿ ಬರೆಯುವವರು ಯಾರು?

ಪ್ರಶ್ನೆ: ಸಾಫ್ಟ್‌ವೇರ್ ಅಪ್‌ಡೇಟ್ ಜೊತೆ ಬರುವ ಬದಲಾವಣೆಗಳ ಪಟ್ಟಿಯನ್ನು ಕಂಪ್ಯೂಟರೇ ತಯಾರಿಸುತ್ತದೆಯೇ?
– ಓದುಗರು, ನುಂಗಂಬಾಕ್ಕಂ, ಚೆನ್ನೈ

ಉತ್ತರ: ಹಲವು ಕಡೆ ಕರಡು ಕಂಪ್ಯೂಟರಿನದು, ತಿದ್ದುವ ಕೆಲಸ ಮನುಷ್ಯರದು.

ಪ್ರೋಗ್ರಾಮರ್‌ಗಳು ಕೋಡ್ ಬದಲಿಸಿದಾಗಲೆಲ್ಲ ಚಿಕ್ಕ ಟಿಪ್ಪಣಿಯೊಂದನ್ನು ಸೇರಿಸಿ ಉಳಿಸುತ್ತಾರೆ, ಅದೇ ಕಮಿಟ್. ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ತಂತ್ರಾಂಶ ಇವನ್ನೆಲ್ಲ ಹೆಸರು, ದಿನಾಂಕ ಸಮೇತ ಕಾದಿಡುತ್ತದೆ. ಎರಡು ಆವೃತ್ತಿಗಳ ನಡುವಿನ ಟಿಪ್ಪಣಿಗಳನ್ನು ‘ಗಿಟ್ ಲಾಗ್’ ಹೆಕ್ಕಿಕೊಟ್ಟರೆ, ‘ಗಿಟ್ ಶಾರ್ಟ್‌ಲಾಗ್’ ಅವನ್ನು ಬರೆದವರ ಹೆಸರಿನಡಿ ಜೋಡಿಸುತ್ತದೆ.

ಉದಾಹರಣೆಗೆ, ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳು ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್ ಲಿನಕ್ಸ್‌ನಲ್ಲಿ ಪ್ಯಾಕೇಜುಗಳಾಗಿ ಸಿಗುತ್ತವೆ. ಅಲ್ಲಿ ಪ್ರತಿ ಪ್ಯಾಕೇಜಿಗೂ ಬದಲಾವಣೆಗಳ ಪಟ್ಟಿ, ಅಂದರೆ ಚೇಂಜ್‌ಲಾಗ್ ಇರಲೇಬೇಕು. ಗಿಟ್ ಇತಿಹಾಸದಿಂದ ಅದರ ಕರಡು ತೆಗೆಯಲು ‘ಜಿಬಿಪಿ ಡಿಸಿಎಚ್’ ಎಂಬ ಸಲಕರಣೆಯೇ ಇದೆ.

ಟಿಪ್ಪಣಿಯಲ್ಲಿ ಬರೀ ‘ಸರಿಪಡಿಸಿದೆ’ ಎಂದಿದ್ದರೆ ಬಳಕೆದಾರರಿಗೆ ಏನೂ ತಿಳಿಯದು. ಅದಕ್ಕೇ ಹಲವು ತಂಡಗಳು ಹೊಸ ಸೌಲಭ್ಯಕ್ಕೆ ‘ಫೀಟ್’, ದೋಷ ನಿವಾರಣೆಗೆ ‘ಫಿಕ್ಸ್’ ಎಂದು ಮೊದಲಿಗೇ ಗುರುತು ಹಾಕುತ್ತವೆ. ಅದನ್ನು ನೋಡಿ ಯಂತ್ರ ಪಟ್ಟಿಯನ್ನು ವಿಂಗಡಿಸುತ್ತದೆ.