ನಿಮಗಿದು ಗೊತ್ತೇ? ಹಲ್ಲು ನೋಡಿ ರಾಸ್ಪ್ ಕೊಳ್ಳಿ

● ಅರಕ್ಕೂ ಮರ ಉಜ್ಜುವ ರಾಸ್ಪಿಗೂ ಇರುವ ವ್ಯತ್ಯಾಸ ಬರೀ ಒರಟುತನದ್ದಲ್ಲ, ಹಲ್ಲು ಹುಟ್ಟುವ ಬಗೆಯದು. ಅರದ ಮೈಮೇಲೆ ಉಳಿಯಿಂದ ಹೊಡೆದ ಉದ್ದುದ್ದ ಗೆರೆಗಳಿರುತ್ತವೆ, ಒಂದೊಂದು ಗೆರೆಯೂ ಒಂದು ಅಲಗು. ರಾಸ್ಪಿನಲ್ಲಿ ಗೆರೆಯೇ ಇಲ್ಲ. ಮೂರು ಮೂಲೆಯ ಚೂಪು ಉಳಿಯನ್ನು ಓರೆಯಾಗಿ ಹಿಡಿದು ಸುತ್ತಿಗೆಯಿಂದ ಹೊಡೆದಾಗ ಉಕ್ಕು ಮೇಲೆದ್ದು ಹಲ್ಲಾಗಿ ನಿಲ್ಲುತ್ತದೆ. ಒಂದು ಪೆಟ್ಟಿಗೆ ಒಂದು ಹಲ್ಲು. ಲೋಹದ ಅರವನ್ನು ಮರಕ್ಕೆ ಹಾಕಿದರೆ ಗೆರೆಗಳಲ್ಲಿ ಹೊಟ್ಟು ತುಂಬಿ ಅದು ಜಾರತೊಡಗುತ್ತದೆ. ರಾಸ್ಪಿನ ಹಲ್ಲುಗಳ ಸುತ್ತ ಹೊಟ್ಟಿಗೆ ಜಾಗವಿದೆ. ಕೊಡಲಿಯ ಕಾವಿಗೆ, ಉಳಿಯ ಹಿಡಿಗೆ, ಗರಗಸದ ಹಿಡಿಗೆ ಆಕಾರ ಕೊಡಲು ಅದೇ ಬೇಕು.

● 1936ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಮೆಸ್ಟರ್‌ಮೂರ್ ಎಂಬಲ್ಲಿ ಉಳುತ್ತಿದ್ದ ರೈತನ ನೇಗಿಲಿಗೆ ಓಕ್ ಮರದ ಪೆಟ್ಟಿಗೆಯೊಂದು ತಗುಲಿತು. ಸುಮಾರು ಸಾವಿರ ವರ್ಷಗಳ ಹಿಂದಿನ ವೈಕಿಂಗ್ ಕಾಲದ ಕುಶಲಕರ್ಮಿಯ ಸಲಕರಣೆ ಪೆಟ್ಟಿಗೆ ಅದು. ಕೊಡಲಿ, ಬಾಚಿ, ಗರಗಸಗಳ ಜೊತೆಗೆ ಅದರಲ್ಲಿ ರಾಸ್ಪ್ ಕೂಡ ಇತ್ತು.

● ಅರ ಕೊರೆಯುವ ಯಂತ್ರದ ನಕ್ಷೆಯನ್ನು ಲಿಯೊನಾರ್ಡೊ ಡಾ ವಿಂಚಿ ಬಿಡಿಸಿಟ್ಟಿದ್ದ. ತಾನಾಗಿ ಎದ್ದು ಬೀಳುವ ಸುತ್ತಿಗೆ, ಪ್ರತಿ ಪೆಟ್ಟಿಗೂ ಒಂದಿಷ್ಟು ಮುಂದೆ ಸರಿಯುವ ಉಕ್ಕಿನ ಪಟ್ಟಿ. ಅಂಥ ಯಂತ್ರ ಕಾರ್ಖಾನೆಗಳಲ್ಲಿ ನೆಲೆಯೂರಲು 19ನೇ ಶತಮಾನ ಬರಬೇಕಾಯಿತು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ವಿಲಿಯಂ ನಿಕಲ್ಸನ್ 1864ರಲ್ಲಿ ಸ್ಥಾಪಿಸಿದ ಕಂಪನಿ ಯಂತ್ರದ ಅರವನ್ನೇ ನಂಬಿ ಬೆಳೆಯಿತು.

● ರಾಸ್ಪಿನ ಗುಣ ಇರುವುದು ಹಲ್ಲುಗಳ ಅಸ್ತವ್ಯಸ್ತತೆಯಲ್ಲಿ! ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಅಗ್ಗದ ಯಂತ್ರದ ರಾಸ್ಪಿನಲ್ಲಿ ಹಲ್ಲುಗಳು ಸಿಪಾಯಿಗಳ ಸಾಲಿನಂತೆ ಒಂದರ ಹಿಂದೊಂದು ನೆಟ್ಟಗೆ ನಿಂತಿರುತ್ತವೆ. ಮುಂದಿನ ಹಲ್ಲು ಕೊರೆದ ಗೀರಿನಲ್ಲೇ ಹಿಂದಿನದೂ ಓಡುತ್ತದೆ. ಗೀರು ಆಳವಾಗುತ್ತದೆ, ಗೀರುಗಳ ನಡುವಿನ ಮರ ದಿಣ್ಣೆಯಾಗಿ ಉಳಿಯುತ್ತದೆ, ರಾಸ್ಪ್ ಕುಣಿಯತೊಡಗುತ್ತದೆ, ಅಂಚಿನ ಮರ ಸಿಗುರೇಳುತ್ತದೆ. ಕೈಯಿಂದ ಹೊಡೆದ ರಾಸ್ಪಿನಲ್ಲಿ ಎರಡು ಹಲ್ಲುಗಳ ಅಂತರ ಪೂರಾ ಒಂದೇ ಆಗಿರಲಾರದು. ಹಾಗಾಗಿ ಒಂದು ಹಲ್ಲು ಬಿಟ್ಟ ಮರವನ್ನು ಅದರ ಹಿಂದಿನದು ತೆಗೆಯುತ್ತದೆ. ಕೆಲಸ ಬೇಗ ಸಾಗುತ್ತದೆ, ಮೈಯೂ ನಯವಾಗುತ್ತದೆ. ಸಾಮಾನ್ಯವಾಗಿ ಇವೆರಡೂ ಜೊತೆಗೆ ಸಿಗುವುದಿಲ್ಲ. ಒಳ್ಳೆಯ ರಾಸ್ಪಿನಲ್ಲಿ ಸಿಗುತ್ತವೆ.

● ಈ ಗುಟ್ಟನ್ನು ಯಂತ್ರಕ್ಕೂ ಕಲಿಸಿದ್ದಾರೆ. ನಿಕಲ್ಸನ್ನಿನ 49 ಮತ್ತು 50ನೇ ನಂಬರಿನ ರಾಸ್ಪುಗಳಲ್ಲಿ ಯಂತ್ರವೇ ಹಲ್ಲುಗಳನ್ನು ಬೇಕೆಂದು ಸಾಲು ತಪ್ಪಿಸಿ ಹೊಡೆಯುತ್ತದೆ. 49 ಒರಟು, 50 ನಯ. ಪ್ಯಾಟರ್ನ್ ಮೇಕರುಗಳು, ಅಂದರೆ ಎರಕದ ಅಚ್ಚಿಗೆ ಮರದ ಮಾದರಿ ಮಾಡುವವರು, ಬಹುಕಾಲ ನೆಚ್ಚಿಕೊಂಡಿದ್ದ ಜೋಡಿ ಇದು. ಹಳೆಯ ಅಮೆರಿಕನ್ ತಯಾರಿಕೆಯ ಜೋಡಿ ಎಲ್ಲಾದರೂ ಕಣ್ಣಿಗೆ ಬಿದ್ದರೆ, ಹಲ್ಲು ಸವೆದಿಲ್ಲದಿದ್ದರೆ, ಬಿಡಬೇಡಿ.

● ಕೈಯಿಂದ ಹಲ್ಲು ಹೊಡೆಯುವ ಕಸುಬು ಇವತ್ತಿಗೂ ಉಸಿರಾಡುತ್ತಿರುವುದು ಮುಖ್ಯವಾಗಿ ಫ್ರಾನ್ಸಿನಲ್ಲಿ. ತಾರ್ನ್ ನದಿಯ ದಂಡೆಯ ಸೇಂಟ್ ಜುಯೆರಿಯಲ್ಲಿ ‘ಓರಿಯೂ’ ಹೆಸರಿನ ರಾಸ್ಪುಗಳು ತಯಾರಾಗುತ್ತವೆ. ಅದರ ಮೂಲ 1856ಕ್ಕೆ ಹೋಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಕಂಪನಿ ಮುಚ್ಚುವ ಹಂತಕ್ಕೆ ಬಂದು, ಊರಿನ ಹೆಸರನ್ನೇ ಹೊತ್ತ ಹೊಸ ಸಂಸ್ಥೆಯಾಗಿ ಮತ್ತೆ ಎದ್ದಿತು. ಇನ್ನೊಂದು ಹೆಸರಾಂತ ಮನೆ ‘ಲಿಯೊಜಿಯೇ’. ಜಗತ್ತಿನಾದ್ಯಂತ ಪಿಟೀಲು, ಗಿಟಾರು, ಪೀಠೋಪಕರಣ ಮಾಡುವವರು ಇವೆರಡರ ಮುಂದೆ ಸರದಿ ನಿಲ್ಲುತ್ತಾರೆ. ಬೆಲೆ ಸಾವಿರಾರು ರೂಪಾಯಿ, ನಿಜ. ಆದರೆ ಒಂದೊಂದು ಹಲ್ಲಿಗೂ ಒಬ್ಬ ಮನುಷ್ಯ ಕಣ್ಣಿಟ್ಟು ಪೆಟ್ಟು ಹಾಕಿದ್ದಾನೆ. ಅದನ್ನು ದುಬಾರಿ ಎನ್ನಲು ನನಗೆ ಮನಸ್ಸಾಗುವುದಿಲ್ಲ.

● ಆ ರಾಸ್ಪುಗಳನ್ನು ಕೊಳ್ಳುವಾಗ ‘ಗ್ರೇನ್’ ಎಂಬ ಅಂಕಿ ಕೇಳುತ್ತಾರೆ. ಓರಿಯೂ ಲೆಕ್ಕದಲ್ಲಿ 1 ಅಂದರೆ ಅತಿ ಒರಟು, 15 ಅಂದರೆ ಅತಿ ನಯ. ಹಿಡಿ ಕೆಲಸಕ್ಕೆ ಒಂದೇ ಒಂದನ್ನು ಕೊಳ್ಳುವುದಾದರೆ 9ರ ಆಸುಪಾಸು ಸಾಕು. ಮರವನ್ನೂ ಚೆನ್ನಾಗಿ ತಿನ್ನುತ್ತದೆ, ಗೀರನ್ನೂ ಆಳಕ್ಕೆ ಬಿಡುವುದಿಲ್ಲ. ಎರಡನೆಯದಕ್ಕೆ ಕಾಸು ಕೂಡಿದಾಗ 13ರ ಕಡೆ ಹೋಗಿ.

● ಎಡಚರಿಗೆ ಬೇರೆ ರಾಸ್ಪ್ ಉಂಟು! ಹಲ್ಲಿನ ಸಾಲುಗಳು ಓರೆಯಾಗಿ ಸಾಗುವುದರಿಂದ, ತಳ್ಳುವ ಕೈ ಯಾವುದು ಎಂಬುದರ ಮೇಲೆ ಕೊರೆತ ಬದಲಾಗುತ್ತದೆ. ಕೈಯಲ್ಲಿ ಹೊಡೆಯುವ ತಯಾರಕರು ನೀವು ಬಲಗೈಯವರೋ ಎಡಗೈಯವರೋ ಎಂದು ಕೇಳಿಯೇ ಮಾಡಿಕೊಡುತ್ತಾರೆ.

● ಹಲ್ಲು ಹೊಡೆಯುವಾಗ ಉಕ್ಕು ಮೆತ್ತಗಿರಬೇಕು, ಮರ ಉಜ್ಜುವಾಗ ಗಡುಸಾಗಿರಬೇಕು. ಹಾಗಾಗಿ ಮೊದಲು ಕಾಯಿಸಿ ನಿಧಾನವಾಗಿ ಆರಿಸಿದ ಮೆತ್ತನೆಯ ಉಕ್ಕಿಗೆ ಹಲ್ಲು ಹೊಡೆದು, ಆಮೇಲೆ ಕೆಂಪಗೆ ಕಾಯಿಸಿ ಉಪ್ಪುನೀರಿಗೆ ಅದ್ದುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಬೆಂಕಿಯಲ್ಲಿ ಹಲ್ಲಿನ ತುದಿಯ ಇಂಗಾಲ ಸುಟ್ಟುಹೋದರೆ ಆ ತುದಿ ಎಷ್ಟು ಅದ್ದಿದರೂ ಗಡುಸಾಗದು. ಅದಕ್ಕೆಂದೇ ಹಳೆಯ ಕಸುಬುದಾರರು ಕಾಯಿಸುವ ಮುನ್ನ ಉಪ್ಪು, ಹಿಟ್ಟು ಮುಂತಾದವು ಸೇರಿದ ಲೇಪವನ್ನು ಬಳಿಯುತ್ತಿದ್ದರು. ನೋಡಲು ಚೆನ್ನಾಗಿದ್ದೂ ಬೇಗ ಮೊಂಡಾಗುವ ರಾಸ್ಪುಗಳ ರೋಗ ಬಹುಮಟ್ಟಿಗೆ ಇಲ್ಲೇ ಇರುತ್ತದೆ.

● ಒಂದು ಮಗ್ಗುಲಿಗೆ ಹಲ್ಲು ಹೊಡೆದ ಮೇಲೆ ರಾಸ್ಪನ್ನು ತಿರುಗಿಸಿ ಇನ್ನೊಂದಕ್ಕೆ ಹೊಡೆಯುವುದು ಹೇಗೆ? ಗಟ್ಟಿ ಅಡಿಗಲ್ಲಿನ ಮೇಲಿಟ್ಟರೆ ಕೆಳಗಿನ ಹಲ್ಲುಗಳೆಲ್ಲ ನಜ್ಜುಗುಜ್ಜು. ಮೆತ್ತನೆಯ ಸೀಸದ ತುಂಡಿನ ಮೇಲೆ ಇಡುವುದು ಇದಕ್ಕೆ ಸಿಕ್ಕ ಪರಿಹಾರ. ಅರಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಈ ಸೀಸವೇ ಕೆಲಸಗಾರರ ಮೈಗೆ ವಿಷವಾಯಿತು. ಸೀಸದ ಧೂಳು ಉಸಿರಿಗೂ ಊಟಕ್ಕೂ ಸೇರಿತು. ಉಳಿಯ ಹಿಡಿತಕ್ಕೆಂದು ಬೆರಳು ನೆಕ್ಕಿಕೊಳ್ಳುವ ರೂಢಿಯಿಂದ ಅದು ನೇರವಾಗಿ ಹೊಟ್ಟೆಗೇ ಇಳಿಯಿತು. ಮಣಿಕಟ್ಟು ಸೋತು ಕೈ ಜೋಲುಬೀಳುವ ಪಾರ್ಶ್ವವಾಯು 19ನೇ ಶತಮಾನದ ಅಲ್ಲಿನ ಅರ ಕೊರೆಯುವವರ ಗುರುತಾಗಿತ್ತು. ಹಳೆಯ ಶೆಫೀಲ್ಡ್ ಅರವನ್ನು ಕೊಂಡಾಡುವವರು ಈ ಕೈಗಳನ್ನೂ ನೆನೆಯಬೇಕು.

● ಅಂಗಡಿಯಲ್ಲಿ ರಾಸ್ಪ್ ಕೈಗೆ ಬಂದಾಗ ಹೀಗೆ ನೋಡಿ. ಮೊದಲು ಅಂಚು. ಒಳ್ಳೆಯ ರಾಸ್ಪಿನಲ್ಲಿ ಹಲ್ಲು ಅಂಚಿನವರೆಗೂ ತುದಿಯವರೆಗೂ ಬಂದಿರುತ್ತದೆ. ಅಗ್ಗದ್ದರಲ್ಲಿ ಅಂಚಿನುದ್ದಕ್ಕೂ ಬೋಳು ಪಟ್ಟೆ ಉಳಿದಿರುತ್ತದೆ, ಹಿಡಿಯ ಒಳತಿರುವಿನಲ್ಲಿ ಆ ಪಟ್ಟೆಯೇ ತಗುಲಿಕೊಂಡು ಮರವನ್ನು ಮುಟ್ಟಲು ಬಿಡುವುದಿಲ್ಲ. ಆಮೇಲೆ ಅರ್ಧಗುಂಡಿನ ಬೆನ್ನು. ಅಲ್ಲಿ ಹಲ್ಲುಗಳು ವಿರಳವಾಗಿದ್ದು ನಡುನಡುವೆ ಚಪ್ಪಟೆ ಪಟ್ಟಿಗಳಿದ್ದರೆ ಬೇಡ. ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ, ಅದ್ದುವಾಗ ಸೊಟ್ಟಗಾದ ಮಾಲು ಅಲ್ಲೇ ಸಿಕ್ಕಿಬೀಳುತ್ತದೆ. ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿ, ಮುರಿದ, ಮೊಂಡಾದ ಹಲ್ಲಿನ ತುದಿಗಳು ಮಿನುಗುತ್ತವೆ. ಜೇಬಿನಲ್ಲಿ ಗಟ್ಟಿ ಮರದ ಚೂರೊಂದಿದ್ದರೆ ನಾಲ್ಕು ಸಲ ಉಜ್ಜಿ ನೋಡಲು ಅಂಗಡಿಯವರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

● 10 ಇಂಚಿನ ರಾಸ್ಪ್ ಅಂದರೆ ತುದಿಯಿಂದ ಬಾಲದ ಕೊನೆಯವರೆಗೆ 10 ಇಂಚಲ್ಲ. ಹಿಡಿಯೊಳಗೆ ಹೋಗುವ ಚೂಪು ಬಾಲವನ್ನು ಅಳತೆಗೆ ಸೇರಿಸುವುದಿಲ್ಲ.

● ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಜೆಕೆ ಫೈಲ್ಸ್. ರೇಮಂಡ್ ಬಟ್ಟೆಯ ಬಳಗಕ್ಕೇ ಸೇರಿದ ಈ ಸಂಸ್ಥೆ ಜಗತ್ತಿನ ದೊಡ್ಡ ಅರ ತಯಾರಕರಲ್ಲಿ ಒಂದು, ಮಹಾರಾಷ್ಟ್ರದ ರತ್ನಗಿರಿಯಲ್ಲಿ ಅದರ ಕಾರ್ಖಾನೆಯಿದೆ. ಮರದ ಅರ್ಧಗುಂಡು ರಾಸ್ಪುಗಳು ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಸಲಕರಣೆ ಅಂಗಡಿಗಳಲ್ಲಿ ಸಿಗುತ್ತವೆ. ಇವು ಯಂತ್ರದ ಹಲ್ಲಿನವು, ಫ್ರೆಂಚ್ ನಯವನ್ನು ನಿರೀಕ್ಷಿಸಬಾರದು. ಆದರೆ ಗುದ್ದಲಿ, ಪಿಕಾಸಿ, ಕೊಡಲಿಗಳ ಕಾವಿಗೆ ಧಾರಾಳವಾಗಿ ಸಾಕು. ನಾಲ್ಕೈದು ಸಲ ತಳ್ಳಿದ ಮೇಲೊಮ್ಮೆ ಉಜ್ಜುವ ಕೋನ ಬದಲಿಸುತ್ತ ಹೋದರೆ ಸಾಲುಹಲ್ಲಿನ ಗೀರಿನ ಕಾಟ ಅರ್ಧ ಇಳಿಯುತ್ತದೆ.

● ಕುದುರೆಯ ಗೊರಸು ಉಜ್ಜುವ ರಾಸ್ಪ್ ಸುಮಾರು 14 ಇಂಚು ಉದ್ದ, ಒಂದು ಮಗ್ಗುಲು ರಾಸ್ಪ್, ಇನ್ನೊಂದು ಅರ. ಗೊರಸಿಗೆ ಮೊಂಡೆನಿಸಿ ಬದಿಗಿಟ್ಟದ್ದು ಮರಕ್ಕೆ ಇನ್ನೂ ಬಹಳ ಕಾಲ ಬರುತ್ತದೆ. ಬೆಂಗಳೂರು, ಮೈಸೂರಿನ ಕುದುರೆ ಲಾಯಗಳಲ್ಲಿ ಗುರುತಿನವರಿದ್ದರೆ ಲಾಳ ಕಟ್ಟುವವರನ್ನು ವಿಚಾರಿಸಿ. ಕಾವಿನ ಮೊದಲ ಒರಟು ಕೆಲಸಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಹಸಿದ ಸಲಕರಣೆ ಇಲ್ಲ.

● ಒಂದೇ ಉಕ್ಕಿನಲ್ಲಿ ನಾಲ್ಕು ಸಲಕರಣೆ ‘ಫೋರ್ ಇನ್ ಹ್ಯಾಂಡ್’. ಒಂದು ಮೈ ಚಪ್ಪಟೆ, ಒಂದು ಅರ್ಧಗುಂಡು, ಎರಡರಲ್ಲೂ ಅರ್ಧ ರಾಸ್ಪ್, ಅರ್ಧ ಅರ. ಚಮ್ಮಾರರ ರಾಸ್ಪ್ ಎಂದೂ ಹೆಸರುಂಟು. ಸಲಕರಣೆ ಚೀಲಕ್ಕೆ ಹಗುರ. ಆದರೆ ಹಿಡಿ ಹಾಕಲು ಬಾಲವೇ ಇಲ್ಲ, ಉದ್ದಕ್ಕೆ ತಳ್ಳಲೂ ಜಾಗ ಇಲ್ಲ. ಮೊದಲ ರಾಸ್ಪಾಗಿ ಇದನ್ನು ಕೊಳ್ಳಬೇಡಿ.

● ಜಪಾನಿನ ಶಿಂಟೊ ರಾಸ್ಪಿನಲ್ಲಿ ಹೊಡೆದ ಹಲ್ಲೇ ಇಲ್ಲ. ಹ್ಯಾಕ್‌ಸಾ ಅಲಗಿನಂಥ ಪಟ್ಟಿಗಳನ್ನು ಅಂಕುಡೊಂಕಾಗಿ ಬಗ್ಗಿಸಿ ರಿವೆಟ್ ಹಾಕಿ ಜಾಲರಿ ಮಾಡಿದ್ದಾರೆ. ಒಂದು ಬದಿ ಒರಟು, ಇನ್ನೊಂದು ಬದಿ ನಯ. ಹೊಟ್ಟು ಜಾಲರಿಯ ಕಂಡಿಗಳಿಂದ ಉದುರಿಹೋಗುವುದರಿಂದ ಕಟ್ಟಿಕೊಳ್ಳುವ ಕಾಟ ಕಡಿಮೆ. ಉಬ್ಬುಮೈಗೆ ಬಹಳ ಚೆನ್ನ, ಒಳತಿರುವಿಗೆ ಮಾತ್ರ ಬಾರದು, ಏಕೆಂದರೆ ಅದರ ಎರಡು ಬದಿಯೂ ಚಪ್ಪಟೆ.

● ಅಡುಗೆಮನೆಯ ‘ಮೈಕ್ರೊಪ್ಲೇನ್’ ತುರಿಯುವ ಮಣೆ ಹುಟ್ಟಿದ್ದು ಬಡಗಿಯ ರಾಸ್ಪಾಗಿ! ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಗ್ರೇಸ್ ಕುಟುಂಬದ ಕಾರ್ಖಾನೆ ಅದನ್ನು ಮರಕ್ಕೆಂದು ತಯಾರಿಸಿತ್ತು. 1994ರಲ್ಲಿ ಕೆನಡಾದ ಲೊರೇನ್ ಲೀ ಎಂಬಾಕೆ ಕೇಕಿಗೆ ಕಿತ್ತಳೆ ಸಿಪ್ಪೆ ತುರಿಯಲು ಹಳೆಯ ತುರಿಮಣೆ ಒಗ್ಗದೆ, ಗಂಡನ ಸಲಕರಣೆ ಅಂಗಡಿಯ ಈ ರಾಸ್ಪನ್ನು ಎತ್ತಿಕೊಂಡರು. ಸಿಪ್ಪೆ ಹೂವಿನಂತೆ ಉದುರಿತು. ಅಂದಿನಿಂದ ಅದು ಬಾಣಸಿಗರ ಪಾಲಾಯಿತು.

● ಮರ ಸರಿಯಿಲ್ಲದಿದ್ದರೆ ರಾಸ್ಪ್ ಏನೂ ಮಾಡಲಾರದು. ಅಮೆರಿಕದವರು ಕೊಡಲಿ ಕಾವಿಗೆ ಹಿಕರಿ ಹುಡುಕುತ್ತಾರೆ, ಯುರೋಪಿನವರು ಆ್ಯಶ್. ನಮ್ಮ ಕಾಡಿನ ತಡಸಲು ಮತ್ತು ದಿಂಡಿಗ ಅವುಗಳ ಪಕ್ಕ ತಲೆಯೆತ್ತಿ ನಿಲ್ಲಬಲ್ಲವು. ತಡಸಲಿನ ಬಾಗುವ ಬಲ, ದಿಂಡಿಗದ ಗಟ್ಟಿತನ ಎರಡೂ ಪೆಟ್ಟು ತಾಳುತ್ತವೆ. ದಿಂಡಿಗವನ್ನು ಗಾಡಿಯ ಅಚ್ಚಿಗೂ ಬಳಸುತ್ತಿದ್ದರು. ಬಯಲುಸೀಮೆಯಲ್ಲಿ ಕರಿಜಾಲಿ ಇದೆ. ಯಾವ ಮರವಾದರೂ ಎಳೆ ಕಾವಿನ ಉದ್ದಕ್ಕೆ ಓಡಬೇಕು, ನಡುವೆ ಓರೆಯಾಗಿ ಹೊರಗೆ ಹೋಗಬಾರದು. ಓರೆ ಎಳೆಯ ಕಾವು ಮುರಿಯುವುದು ಆ ಓರೆಯಲ್ಲೇ.

● ಚೌಕ ಮರದಿಂದ ದುಂಡು ಹಿಡಿ ತೆಗೆಯಲು ಕಣ್ಣಳತೆ ಬೇಡ, 7:10:7 ಸಾಕು. 24 ಮಿಲಿಮೀಟರ್ ಚೌಕವಾದರೆ ಪ್ರತಿ ಮುಖದ ಮೇಲೂ ಅಂಚಿನಿಂದ 7 ಮತ್ತು 17ರಲ್ಲಿ ಗೆರೆ ಎಳೆದು, ಮೂಲೆಗಳನ್ನು ಆ ಗೆರೆಗಳವರೆಗೆ ಉಜ್ಜಿದರೆ ಎಂಟು ಸಮಮುಖಗಳು. ಎಂಟರ ಮೂಲೆ ಉಜ್ಜಿದರೆ ಹದಿನಾರು. ಆಮೇಲೆ ದುಂಡು ತಾನಾಗಿ ಬರುತ್ತದೆ. ನೇರವಾಗಿ ದುಂಡಗೆ ಮಾಡಹೊರಟರೆ ಹಿಡಿ ಮೊಟ್ಟೆಯೂ ಅಲ್ಲದ, ಗುಂಡೂ ಅಲ್ಲದ ಆಕಾರಕ್ಕೆ ತಿರುಗುವುದೇ ಹೆಚ್ಚು. ಇನ್ನು ಎಂಟು ಮುಖದ ಹಂತದಲ್ಲೇ ನಿಲ್ಲಿಸಿದ ಉಳಿಯ ಹಿಡಿ ಮೇಜಿನ ಮೇಲೆ ಉರುಳುವುದಿಲ್ಲ, ಬೆರಳಿಗೆ ದಿಕ್ಕನ್ನೂ ಹೇಳುತ್ತದೆ. ನನಗೆ ಅದೇ ಇಷ್ಟ.

● ರಾಸ್ಪ್ ಕೊರೆಯುವುದು ಮುಂದೆ ತಳ್ಳುವಾಗ ಮಾತ್ರ. ಹಿಂದೆ ಎಳೆಯುವಾಗ ಒತ್ತಿದರೆ ಹಲ್ಲಿನ ತುದಿ ಸವೆಯುತ್ತದೆಯೇ ಹೊರತು ಮರ ಹೋಗುವುದಿಲ್ಲ. ಮುಂಗಡೆ ತಳ್ಳಿ, ಎತ್ತಿ, ಹಿಂದಕ್ಕೆ ತನ್ನಿ. ಅಂಚು ದಾಟಿ ಹೊರಗೆ ತಳ್ಳಬೇಡಿ, ಎರಡೂ ಕಡೆಯಿಂದ ಒಳಮುಖವಾಗಿ ಉಜ್ಜಿದರೆ ಸಿಗುರೇಳದು.

● ಹಲ್ಲಿನ ನಡುವಿನ ಹೊಟ್ಟು ತೆಗೆಯಲು ಗಡುಸು ಕೂದಲಿನ ಬ್ರಷ್ ಸಾಕು. ಉಕ್ಕಿನ ತಂತಿಯ ಬ್ರಷ್ ತುದಿಗಳನ್ನು ಮೊಂಡಾಗಿಸುತ್ತದೆ. ಅದಕ್ಕಿಂತ ಕೇಡು, ಎಲ್ಲ ರಾಸ್ಪುಗಳನ್ನೂ ಒಂದೇ ಡಬ್ಬಿಗೆ ಸುರಿಯುವುದು. ಒಂದರ ಹಲ್ಲನ್ನು ಇನ್ನೊಂದು ಮುರಿಯುತ್ತದೆ. ಒಂದೊಂದಕ್ಕೂ ಬಟ್ಟೆಯ ಚೀಲ ಹೊಲಿಯಿಸಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ತುಸು ಎಣ್ಣೆ ಸವರಿಡಿ, ಬಳಸುವ ಮುನ್ನ ಒರೆಸಿ.

● ಮೊಂಡಾದ ಹಳೆಯ ರಾಸ್ಪನ್ನು ವಿನೆಗರಿನಲ್ಲಿ ನೆನೆಹಾಕಿದರೆ ಆಮ್ಲ ಉಕ್ಕನ್ನು ತುಸು ತಿಂದು ತುದಿಗೆ ಮತ್ತೆ ಚೂಪು ಕೊಡುತ್ತದೆ. ಮೊದಲು ಎಣ್ಣೆ, ಹೊಟ್ಟು ತೊಳೆದಿರಬೇಕು. ತೆಗೆದ ಮೇಲೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ಕೂಡಲೇ ಒಣಗಿಸಿ ಎಣ್ಣೆ ಹಚ್ಚಿ, ಇಲ್ಲವಾದರೆ ರಾತ್ರಿ ಕಳೆಯುವುದರೊಳಗೆ ತುಕ್ಕು. ಪೂರಾ ಮುರಿದ ಹಲ್ಲನ್ನು ಯಾವ ಆಮ್ಲವೂ ಮರಳಿಸದು.

● ರಾಸ್ಪುಗಳು ಬಹಳ ಸಲ ಹಿಡಿಯಿಲ್ಲದೆ ಮಾರಾಟವಾಗುತ್ತವೆ. ಬರಿಯ ಬಾಲ ಹಿಡಿದು ಉಜ್ಜುವುದು ಅಪಾಯ, ರಾಸ್ಪ್ ತಡೆದು ನಿಂತರೆ ಚೂಪು ಬಾಲ ಅಂಗೈಗೆ ನಾಟುತ್ತದೆ. ಹೊಸ ರಾಸ್ಪಿನಿಂದ ಮಾಡುವ ಮೊದಲ ಹಿಡಿ ಆ ರಾಸ್ಪಿನದೇ ಆಗಿರಲಿ. ಅದನ್ನು ಮಾಡುವಷ್ಟು ಹೊತ್ತು ಬಾಲಕ್ಕೆ ದಪ್ಪ ಬೆಂಡಿನ ತುಂಡೊಂದನ್ನು ಚುಚ್ಚಿಕೊಳ್ಳಿ.